ತಮ್ಮನ ಐದು ಲೋಟ ನೀರು

ಸೆಪ್ಟೆಂಬರ್ 2, ಸೋಮವಾರ

ಬರೆಯಬೇಕಂತೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಬಂದವಳ ಕೈಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ನೋಟ್‌ಬುಕ್ಕು. ಮೂವತ್ತೆಂಟು ವರ್ಷ ಲಾಂಡ್ರಿಯಲ್ಲಿ ನಿಂತು ಹೋಟೆಲಿನ ಬೆಡ್‌ಶೀಟು ಇಸ್ತ್ರಿ ಮಾಡಿದ ಕೈ ಇದು, ಪೆನ್ನಿಗೆ ಬೆರಳು ಮಡಚುವುದಿಲ್ಲ. ಡಯಾಲಿಸಿಸ್ ವಾರ್ಡಿನ ನರ್ಸಿಗೆ ಇದನ್ನೆಲ್ಲ ಹೇಳಿದೆ. ಕೇಳಿದರೆ ತಾನೆ.

"ಅಮ್ಮ, ನಿಮ್ಮ ತಮ್ಮ ಎಷ್ಟು ನೀರು ಕುಡಿದ್ರು ಅಂತ ನೀವು ಹೇಳೋದು ಒಂದು, ತಕ್ಕಡಿ ಹೇಳೋದು ಇನ್ನೊಂದು."

"ಅಂದ್ರೆ ನಾನು ಸುಳ್ಳು ಹೇಳ್ತೀನಿ ಅಂತಲಾ?"

"ನೀವಲ್ಲ. ನಿಮ್ಮ ತಮ್ಮ."

ಅವನ ಪರವಾಗಿ ವಾದ ಮಾಡಿ ಗೆದ್ದವರಿಲ್ಲ.

ಎಡಗಡೆ ಪುಟದಲ್ಲಿ ನೀರು ಮತ್ತು ತೂಕ. ಅದನ್ನು ಅವಳು ನೋಡುತ್ತಾಳೆ. ಬಲಗಡೆ ಪುಟ ನನ್ನದಂತೆ. "ನಿಮಗೇನು ಅನ್ಸುತ್ತೋ ಬರೀರಿ, ನಾನು ಓದಲ್ಲ" ಎಂದಳು. ನನಗೇನು ಅನ್ನಿಸಬೇಕು? ಮಂಡಿ ನೋವು ಅನ್ನಿಸುತ್ತದೆ.

ಇವನ ಕಿಡ್ನಿ ಕೆಲಸ ನಿಲ್ಲಿಸಿ ನಾಲ್ಕು ವರ್ಷ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಉಳಿದು ಎದೆಗೆ ಏರುತ್ತದೆ. ಸೋಮ, ಬುಧ, ಶುಕ್ರ, ದಿನಕ್ಕೆ ನಾಲ್ಕು ಗಂಟೆ ಮೆಶೀನಿಗೆ ಕಟ್ಟಿ ಹಿಂಡುತ್ತಾರೆ, ಒದ್ದೆ ಶೀಟು ಹಿಂಡಿದ ಹಾಗೆ. ದಿನಕ್ಕೆ ಐದು ಸ್ಟೀಲ್ ಲೋಟ ನೀರು. ಲೋಟದ ಒಳಗೆ ಮೊಳೆಯಿಂದ ನಾನೇ ಗೆರೆ ಗೀರಿದ್ದೇನೆ. ಚಹಾ ಅದರಲ್ಲೇ, ಸೂಪು ಅದರಲ್ಲೇ, ಮಾತ್ರೆ ನುಂಗುವ ಗುಟುಕೂ ಅದರಲ್ಲೇ. ನನ್ನ ಕಣ್ಣೆದುರಿಗೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಗೆರೆ ದಾಟಿಲ್ಲ. ಬಚ್ಚಲಲ್ಲಿ ಮುಖ ತೊಳೆಯುವ ನೆಪದಲ್ಲಿ ಎಷ್ಟು ನುಂಗುತ್ತಾನೋ, ಅದು ಅವನಿಗೂ ದೇವರಿಗೂ ಗೊತ್ತು.

ಊರಿನ ಅರ್ಧ ಲಿಫ್ಟು ರಿಪೇರಿ ಮಾಡಿದವನು ಇವನು. ನಾವಿರುವುದು ಮೂರನೇ ಮಹಡಿ, ಲಿಫ್ಟಿಲ್ಲ. ಐವತ್ತೆರಡು ಮೆಟ್ಟಿಲು. ಇವತ್ತು ಹತ್ತುವಾಗ ಐದು ಸಲ ಕೂತ. ಹೋದ ತಿಂಗಳು ಎರಡು ಸಲ ಕೂರುತ್ತಿದ್ದ.

ಸಾಕು. ಬೆರಳು ನೋಯುತ್ತಿದೆ.

ಸೆಪ್ಟೆಂಬರ್ 4, ಬುಧವಾರ

ಎರಡನೇ ಮಹಡಿಯಲ್ಲಿ ಕೂತವನು ಎದ್ದೇಳಲಿಲ್ಲ.

"ಅಕ್ಕ, ನಾನು ಇದನ್ನ ನಿಲ್ಲಿಸೋಣ ಅಂತಿದೀನಿ."

"ಏನನ್ನ? ಮೆಟ್ಟಿಲು ಹತ್ತೋದನ್ನಾ? ಇಲ್ಲೇ ಹಾಸಿಗೆ ಹಾಸ್ಲಾ?"

"ಮೆಶೀನನ್ನ."

ನನಗೆ ಅರ್ಥವಾಗಲಿಲ್ಲ ಎಂದಲ್ಲ. ಅರ್ಥವಾಗದ ಹಾಗೆ ಬೀಗದ ಕೈ ಹುಡುಕಿದೆ, ಕೈಯಲ್ಲೇ ಇತ್ತು. ಮೆಶೀನು ನಿಲ್ಲಿಸಿದರೆ ಎಷ್ಟು ದಿನ ಎಂದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ವಾರ, ಹೆಚ್ಚೆಂದರೆ ಎರಡು ವಾರ.

ಒಳಗೆ ಬಂದ ಮೇಲೆ ಬೈದೆ. ಚೆನ್ನಾಗಿ ಬೈದೆ. ಪಕ್ಕದ ಮನೆಯವರು ರೇಡಿಯೊ ಸಣ್ಣದು ಮಾಡಿಕೊಂಡು ಕೇಳಿಸಿಕೊಂಡರು.

"ಜೀವ ನಿನ್ನ ಅಪ್ಪನ ಮನೆ ಆಸ್ತಿ ಅಂದ್ಕೊಂಡಿದೀಯಾ? ಕೊಟ್ಟವನು ವಾಪಸ್ ಕೇಳೋ ತನಕ ಇಟ್ಕೋಬೇಕು. ನಡುವೆ ನೀನ್ಯಾರು ಎಸೆಯೋಕೆ?"

"ಎಸೀತಿಲ್ಲ ಅಕ್ಕ. ಹಿಡ್ಕೊಳ್ಳೋಕೆ ಆಗ್ತಿಲ್ಲ."

"ನಾನು ಹಿಡ್ಕೊಂಡಿಲ್ವಾ?"

"ನೀನು ಹಿಡ್ಕೊಂಡಿದೀಯ. ಅದೇ ಹೇಳ್ತಿದೀನಿ."

ಉತ್ತರ ಕೊಡಲು ನಾಚಿಕೆಯೇ ಇಲ್ಲ ಇವನಿಗೆ. ನೀರು: ಐದು.

ಸೆಪ್ಟೆಂಬರ್ 6, ಶುಕ್ರವಾರ

ಪಕ್ಕದ ಬೆಡ್ಡಿನ ಟೈಲರ್ ಇವನಿಗೆ ಜೋಡಿ. ಇಬ್ಬರೂ ನೀರಿನ ಬಗ್ಗೆ ಮಾತಾಡುವುದನ್ನು ಕೇಳಬೇಕು, ಹಸಿದವನು ಊಟದ ಬಗ್ಗೆ ಮಾತಾಡಿದ ಹಾಗೆ.

"ನಿನ್ನೆ ಕನಸಲ್ಲಿ ಒಂದು ಕೊಡ ಕುಡಿದೆ" ಎಂದ ಟೈಲರ್.

"ಬರೆದುಕೊಟ್ಟೆಯಾ? ನಮ್ಮಕ್ಕನ ಹತ್ರ ಹೇಳ್ಬೇಡ, ಕನಸಿನ ನೀರೂ ಲೆಕ್ಕ ಹಾಕ್ತಾಳೆ."

ಇಬ್ಬರೂ ನಕ್ಕರು. ನಗುವಾಗ ಇವನ ಕೈ ಅಲ್ಲಾಡಿ ಮೆಶೀನು ಕೂಗಿಕೊಂಡಿತು, ನರ್ಸು ಓಡಿ ಬಂದು ಮೂವರಿಗೂ ಬೈದಳು. ನಾನೇನು ಮಾಡಿದ್ದೆ? ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಇವನು ನಿಲ್ಲಿಸುವ ಮಾತನ್ನು ಡಾಕ್ಟರಿಗೂ ಹೇಳಿದ್ದಾನೆ. ಡಾಕ್ಟರು ಬೈಯುತ್ತಾರೆ ಎಂದು ಕಾದೆ. "ಯೋಚನೆ ಮಾಡಿ, ಅವಸರ ಬೇಡ" ಎಂದರಂತೆ. ಅವಸರ ಬೇಡ. ಶರ್ಟು ಕೊಳ್ಳುವುದಕ್ಕೆ ಬಂದವನಿಗೆ ಹೇಳುವ ಮಾತು.

ಭಾನುವಾರ ಪಾದ್ರಿಯ ಹತ್ತಿರ ಹೋಗುತ್ತೇನೆ. ಡಾಕ್ಟರಿಗೆ ಬೈಯಲು ಬರದಿದ್ದರೆ ಪಾದ್ರಿಗಾದರೂ ಬರಬೇಕು.

ಸೆಪ್ಟೆಂಬರ್ 8, ಭಾನುವಾರ

ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಗೆ ಹೋದೆ. ಪಾದ್ರಿ ನಿಲುವಂಗಿ ಬಿಚ್ಚುತ್ತಿದ್ದರು. ಸಭೆಯ ಕಾರ್ಯದರ್ಶಿ ಮೇಜಿನ ಮೇಲೆ ದಪ್ಪ ಪುಸ್ತಕ ಬಿಚ್ಚಿ ಹಾಜರಾತಿ ಬರೆಯುತ್ತಿದ್ದ. ಇವನನ್ನು ನಾನು ಗಂಟುಮೂತಿ ಎನ್ನುವುದು. ನಲವತ್ತು ವರ್ಷದಿಂದ ಅದೇ ಮೂತಿ, ಅದೇ ಪುಸ್ತಕ. ಯಾರು ಏನು ಕೇಳಿದರೂ "ಬರೆದು ಕೊಡಿ" ಎನ್ನುತ್ತಾನೆ.

ನಾನು ಸುತ್ತಿಬಳಸಿ ಮಾತಾಡುವವಳಲ್ಲ. "ಅಯ್ಯನವರೇ, ನನ್ನ ತಮ್ಮ ಆತ್ಮಹತ್ಯೆ ಮಾಡ್ಕೊಳ್ಳೋಕೆ ಹೊರಟಿದಾನೆ. ಬಂದು ಬುದ್ಧಿ ಹೇಳಿ" ಎಂದೆ.

ಪಾದ್ರಿ ಕೂತುಬಿಟ್ಟರು. ಗಂಟುಮೂತಿಯ ಪೆನ್ನು ನಿಂತಿತು. ಸರಿಯಾಗಿ ತಟ್ಟಿತು ಎಂದುಕೊಂಡೆ. ಮೆತ್ತಗೆ ಹೇಳಿದ್ದರೆ ಇವರು "ಪ್ರಾರ್ಥನೆ ಮಾಡೋಣ" ಎಂದು ಎದ್ದು ಹೋಗುತ್ತಿದ್ದರು. ಶುಕ್ರವಾರ ಬರುತ್ತೇನೆ ಎಂದಿದ್ದಾರೆ.

ಇವತ್ತು ಕರ್ತನ ಭೋಜನ ಇತ್ತು. ಪಾತ್ರೆ ತಮ್ಮನ ಬಾಯಿಗೆ ಬಂದಾಗ ನಾನು ಕತ್ತು ಚಾಚಿ ನೋಡಿದೆ. ದೊಡ್ಡ ಗುಟುಕೇ ಎಳೆದ. ಎಡಗಡೆ ಪುಟದಲ್ಲಿ ಬರೆದಿದ್ದೇನೆ: ದ್ರಾಕ್ಷಾರಸ, ಒಂದು ಚಮಚ. ನಿಜಕ್ಕೆ ಎರಡಿರಬೇಕು.

ಸೆಪ್ಟೆಂಬರ್ 9, ಸೋಮವಾರ

ನರ್ಸು ಚಮಚದ ಲೆಕ್ಕ ಓದಿ ನಕ್ಕಳು. ಟೈಲರಿಗೂ ಓದಿ ಹೇಳಿದಳು. ನಗಲಿ. ಚಮಚ ಎಂದರೆ ಚಮಚ, ದೇವರ ಮನೆಯದಾದರೂ.

ಮೆಶೀನು ಬಿಚ್ಚಿದ ಮೇಲೆ ಇವನು ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ಮಲಗಿದ. ಎರಡು ನಿಲ್ದಾಣ ಮುಂದೆ ಹೋಗಿ ಇಳಿದು ನಡೆದು ಬಂದೆವು. ನಾನೂ ಮಲಗಿದ್ದೆ.

ಸೆಪ್ಟೆಂಬರ್ 13, ಶುಕ್ರವಾರ

ಪಾದ್ರಿ ಬಂದರು. ನಲವತ್ತು ವಯಸ್ಸಿನ ಗಟ್ಟಿ ಆಳು, ಐವತ್ತೆರಡು ಮೆಟ್ಟಿಲಿಗೆ ಏದುಸಿರು. ಚಹಾ ಕೊಟ್ಟೆ. ಇವನ ಎದುರಿಗೆ ಪೂರ್ತಿ ಕಪ್ಪು ಕುಡಿಯಲು ಅವರಿಗೆ ಸಂಕೋಚ, ಅರ್ಧ ಬಿಟ್ಟರು. ಆ ಅರ್ಧವನ್ನು ಇವನು ನೋಡುತ್ತಿದ್ದ ರೀತಿ ನೋಡಿ ನಾನು ಕಪ್ಪು ಎತ್ತಿ ಒಳಗಿಟ್ಟೆ.

"ಭಯ ಆಗ್ತಿದೆಯಾ ನಿಮಗೆ?" ಎಂದು ಕೇಳಿದರು ಪಾದ್ರಿ.

"ಇಲ್ಲ ಅಯ್ಯನವರೇ. ಸುಸ್ತಾಗಿದೆ. ಸುಸ್ತಾಗೋದು ಪಾಪನಾ?"

"ಪಾಪ ಅಲ್ಲ."

"ನನ್ನ ಕಡೆ ನೋಡಿ ಹೇಳ್ತಿದೀರಾ, ಅಕ್ಕನ ಕಡೆ ನೋಡಿ ಹೇಳ್ತಿದೀರಾ?"

ಪಾದ್ರಿ ನಕ್ಕರು. ನಾನು ನಗಲಿಲ್ಲ.

"ಇದನ್ನು ಕೇಳಿ" ಎಂದ ಇವನು. "ಒಂದು ಲಿಫ್ಟಿಗೆ ಇಪ್ಪತ್ತು ವರ್ಷ ಸರ್ವೀಸ್ ಮಾಡಿದೆ. ಕೊನೆಗೊಂದಿನ ನಾನೇ ಬೋರ್ಡ್ ಬರೆದು ತಗುಲಿಸಿದೆ, ಇನ್ನು ಓಡಿಸಬೇಡಿ ಅಂತ. ಆ ಲಿಫ್ಟನ್ನ ನಾನು ಕೊಂದೆನಾ?"

"ಮನುಷ್ಯ ಲಿಫ್ಟಲ್ಲ" ಎಂದೆ ನಾನು, ಅಡಿಗೆಮನೆಯಿಂದಲೇ.

"ಅಲ್ಲ ಅಕ್ಕ. ಲಿಫ್ಟಿಗೆ ನೋವಾಗಲ್ಲ."

ಪಾದ್ರಿ ಇವನ ಕೈ ಹಿಡಿದು ಪ್ರಾರ್ಥನೆ ಮಾಡಿದರು. "ಈ ಸಹೋದರನಿಗೆ ಶಕ್ತಿ ಕೊಡು" ಎನ್ನುತ್ತಾರೆ ಎಂದು ಕಾದೆ. "ಈ ಸಹೋದರನ ಜೊತೆಗಿರು" ಎಂದರು. ಮೆಟ್ಟಿಲವರೆಗೆ ಬಂದು ನಾನು ಕೇಳಿಯೇಬಿಟ್ಟೆ, "ಬುದ್ಧಿ ಹೇಳೋಕೆ ಕರೆದರೆ ಕೈ ಹಿಡ್ಕೊಂಡು ಕೂತ್ರಲ್ಲ?"

"ನನಗೆ ಅವರಿಗಿಂತ ಹೆಚ್ಚು ಬುದ್ಧಿ ಇದೆ ಅನ್ನಿಸಲಿಲ್ಲಮ್ಮ" ಎಂದರು.

ಇಂಥ ಪಾದ್ರಿ. ಹಳೆಯವರಾಗಿದ್ದರೆ ಕಿವಿ ಹಿಂಡುತ್ತಿದ್ದರು.

ಸೆಪ್ಟೆಂಬರ್ 16, ಸೋಮವಾರ

ಮೂರನೇ ಗಂಟೆಗೆ ಬಿಪಿ ಬಿತ್ತು. ಕಾಲಿನ ಮಾಂಸ ಹಗ್ಗದ ಹಾಗೆ ಗಂಟುಕಟ್ಟಿತು. ಅವನ ಪಾದ ನನ್ನ ಎದೆಗೆ ಒತ್ತಿ ಹಿಡಿದುಕೊಂಡಿದ್ದೆ. ಕೂಗಬಾರದು ಎಂದು ಟವಲ್ ಕಚ್ಚಿದ. ಒಂದು ತುದಿ ಹರಿದಿದೆ.

ನೀರು ಎಷ್ಟೆಂದು ನೆನಪಿಲ್ಲ. ನಾಲ್ಕು ಎಂದು ಹಾಕಿದ್ದೇನೆ.

ಸೆಪ್ಟೆಂಬರ್ 18, ಬುಧವಾರ

ಟೈಲರನ ಬೆಡ್ಡಿನಲ್ಲಿ ಬೇರೆ ಯಾರೋ ಹೆಂಗಸು.

ಕೇಳಬೇಕಾಗಿರಲಿಲ್ಲ, ನರ್ಸೇ ಹೇಳಿದಳು. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ತಣ್ಣೀರು, ಒಂದು ಜಗ್. ಆಮೇಲೆ ಇನ್ನೊಂದು. ಸಂಜೆಗೆ ಉಸಿರು ಸಿಕ್ಕಿಲ್ಲ. ಖಾಲಿ ಜಗ್ಗು ಮಡಿಲಲ್ಲಿತ್ತಂತೆ.

"ಕುಡಿದು ಸತ್ತ ಅಂತಾರಲ್ಲ" ಎಂದ ಇವನು, "ಇದು ನೋಡು ನಿಜವಾದ ಕುಡಿತ." ಹೇಳಿ ಗೋಡೆ ಕಡೆ ತಿರುಗಿಕೊಂಡ. ನಾಲ್ಕು ಗಂಟೆಯೂ ತಿರುಗಲಿಲ್ಲ.

ಹೊಸ ಹೆಂಗಸಿನ ಜೊತೆ ಮಗಳು ಬಂದಿದ್ದಾಳೆ. ನೀರಿನ ಅಳತೆ ಹೇಗೆಂದು ನನ್ನನ್ನು ಕೇಳಿದಳು. ಲೋಟಕ್ಕೆ ಮೊಳೆಯಲ್ಲಿ ಗೆರೆ ಹಾಕು ಎಂದೆ. ಕಟ್ಟುನಿಟ್ಟಾಗಿರು ಎಂದು ಸೇರಿಸಬೇಕಿತ್ತು, ಬಾಯಿಗೆ ಬರಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಐದು ಲೋಟ. ತುಟಿ ಒಡೆದಿದೆ. ವ್ಯಾಸಲೀನ್ ಹಚ್ಚಿದೆ.

ಆರನೆಯದು ಅರ್ಧ ಕೊಟ್ಟೆ. ಎಡಗಡೆ ಬರೆದಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಪಾದ್ರಿಯ ಪ್ರಸಂಗ ಶಿಲುಬೆಯ ಬಗ್ಗೆ. ಕೊನೆಯ ಗಳಿಗೆಯಲ್ಲಿ ಆತನಿಗೂ ಬಾಯಾರಿತು, ಕೇಳಿದ, ಹುಳಿರಸ ಕೊಟ್ಟರು. ಚಿಕ್ಕಂದಿನಿಂದ ಕೇಳಿದ ಕಥೆ. ಮೊಳೆ, ಮುಳ್ಳು, ಈಟಿ ಇದರಲ್ಲೇ ಮನಸ್ಸು ಇರುತ್ತಿತ್ತು, ಬಾಯಾರಿಕೆ ಎಂದರೆ ಅದೇನು ದೊಡ್ಡದು ಎಂದುಕೊಂಡಿದ್ದೆ. ಇವತ್ತು ಪ್ರಸಂಗದ ಉಳಿದದ್ದು ಕಿವಿಗೆ ಬೀಳಲಿಲ್ಲ. ನನ್ನ ಪಕ್ಕದಲ್ಲಿ ಇವನು ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಿದ್ದ ಸದ್ದು ಬೀಳುತ್ತಿತ್ತು.

ಹೊರಗೆ ಬರುವಾಗ ಗಂಟುಮೂತಿ ನನ್ನನ್ನು ಪಕ್ಕಕ್ಕೆ ಕರೆದ.

"ನೋಡಿ ಅಮ್ಮ, ನಿಮ್ಮ ತಮ್ಮನ ವಿಷಯ ಕಮಿಟಿ ಮುಂದೆ ಬಂದಿದೆ."

"ಯಾವ ವಿಷಯ?"

"ಅವರು ಚಿಕಿತ್ಸೆ ನಿಲ್ಲಿಸಿದರೆ ಸಮಾಧಿ ವಿಷಯ. ನಿಯಮ ನಿಮಗೆ ಗೊತ್ತಲ್ಲ. ತಾವಾಗೇ ಜೀವ ತೆಗೆದುಕೊಂಡವರಿಗೆ ಸ್ಮಶಾನದ ಗೋಡೆಯೊಳಗೆ ಜಾಗ ಇಲ್ಲ. ಗಂಟೆ ಇಲ್ಲ, ಪ್ರಾರ್ಥನೆ ಇಲ್ಲ."

ನಮ್ಮ ಅಮ್ಮ ಗೋಡೆಯೊಳಗಿದ್ದಾಳೆ. ಪಕ್ಕದಲ್ಲಿ ಇಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದಾರೆ, ನಮ್ಮಿಬ್ಬರಿಗೆ.

"ಇದನ್ನ ಆತ್ಮಹತ್ಯೆ ಅಂತ ಹೇಳಿದ್ದು ಯಾವ ಮುಠ್ಠಾಳ?" ಎಂದೆ.

ಅವನು ಪುಸ್ತಕ ಬಿಚ್ಚಿ ಬೆರಳಿಟ್ಟು ತೋರಿಸಿದ. "ನೀವೇ ಅಮ್ಮ. ಎಂಟನೇ ತಾರೀಕು. ಹೇಳಿದ ಹಾಗೇ ಬರೆದುಕೊಂಡಿದ್ದೇನೆ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ನನ್ನ ಬಾಯಿಂದ ಬಿದ್ದದ್ದು ಅವನ ನೀಲಿ ಶಾಯಿಯಲ್ಲಿ ನೀಟಾಗಿ ಕೂತಿತ್ತು. ನಾನು ಓದಬಲ್ಲೆ ಎನ್ನುವುದಕ್ಕೇ ಬೇಸರವಾಯಿತು.

ತಮ್ಮ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ. "ಏನಂತೆ?" ಎಂದ. "ಚಂದಾ ಕೇಳಿದ" ಎಂದೆ.

ಸೆಪ್ಟೆಂಬರ್ 25, ಬುಧವಾರ

ಮೆಶೀನಿನ ಸೂಜಿ ಚುಚ್ಚುವ ಕೈಯ ನರ ಮುಚ್ಚಿಹೋಗಿದೆ. ದಿನಾ ಬೆಳಿಗ್ಗೆ ನಾನು ಅಲ್ಲಿ ಬೆರಳಿಟ್ಟು ನೋಡುತ್ತಿದ್ದೆ, ಒಳಗೆ ಝುಂ ಎನ್ನುತ್ತಿತ್ತು. "ಮೋಟಾರು ಓಡ್ತಿದೆಯಾ?" ಎಂದು ಇವನು ಕೇಳುವುದು, "ಓಡ್ತಿದೆ" ಎಂದು ನಾನು ಹೇಳುವುದು. ಇವತ್ತು ಇಲ್ಲ. ಇವತ್ತಿನ ಮಟ್ಟಿಗೆ ಕತ್ತಿಗೆ ನಳಿಗೆ ಹಾಕಿ ನಡೆಸಿದರು. ಹೋದ ವರ್ಷ ಕತ್ತಿನ ನಳಿಗೆ ಎರಡು ಸಲ ಕೀವಾಗಿ ಸಾಯುವ ಹಂತಕ್ಕೆ ಹೋಗಿದ್ದ.

ಡಾಕ್ಟರು ಇಬ್ಬರನ್ನೂ ಕೂರಿಸಿ ಮಾತಾಡಿದರು. ಈ ನಳಿಗೆಯಲ್ಲೇ ಮುಂದುವರಿಸಿದರೆ ಇನ್ನು ಕೆಲವು ತಿಂಗಳು, ಬಹುಪಾಲು ಆಸ್ಪತ್ರೆಯಲ್ಲೇ. ನಿಲ್ಲಿಸಿದರೆ ಕೆಲವು ದಿನ, ಮನೆಯಲ್ಲಿ. ನಿದ್ದೆ ಹೆಚ್ಚಾಗುತ್ತಾ ಹೋಗುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ಔಷಧಿ ಇದೆ, ಕೊಟ್ಟು ಕಳಿಸುತ್ತೇವೆ.

"ಮನೆ" ಎಂದ ಇವನು. ಅಷ್ಟೇ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಏನೋ ದೊಡ್ಡ ಮಾತು ಹೇಳುತ್ತೇನೆ ಎಂದು ಇಬ್ಬರೂ ಕಾದರು.

"ನೀರು?" ಎಂದು ಕೇಳಿದೆ.

"ಜಾಸ್ತಿ ಕುಡಿದರೆ ಉಸಿರಿಗೆ ಕಷ್ಟ. ಸ್ವಲ್ಪ ಸ್ವಲ್ಪ ಕೊಡಿ. ಆದರೆ ಬಾಯಾರಿದರೆ ಇಲ್ಲ ಅನ್ನಬೇಡಿ ಅಮ್ಮ."

ನರ್ಸು ಬಾಗಿಲವರೆಗೆ ಬಂದಳು. ಪುಸ್ತಕ ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. "ಬಲಗಡೆ ಪುಟ ಇನ್ನೂ ಇದೆಯಲ್ಲ" ಎಂದಳು.

ಸೆಪ್ಟೆಂಬರ್ 27, ಶುಕ್ರವಾರ

ಎಂಟೂಕಾಲಿನ ಬಸ್ಸು ಬಂತು. ಕಿಟಕಿಯಿಂದ ನೋಡಿದೆವು. ಹೋಯಿತು.

"ಏನು ಮಾಡೋಣ ಈಗ?" ಎಂದ ಇವನು. ನಾಲ್ಕು ವರ್ಷದಿಂದ ಶುಕ್ರವಾರ ಬೆಳಿಗ್ಗೆ ಏನು ಮಾಡುತ್ತಾರೆ ಎಂದೇ ನಮಗೆ ಗೊತ್ತಿಲ್ಲ.

ಆಲೂಗಡ್ಡೆ ಬೇಯಿಸಿದೆ. ಇಷ್ಟು ದಿನ ಎರಡೆರಡು ಸಲ ಕುದಿಸಿ ನೀರು ಬಸಿದು, ಕಿಡ್ನಿಗೆ ಆಗದ ಸತ್ವ ಹೋದ ಮೇಲೆ ಕೊಡಬೇಕಿತ್ತು. ಇವತ್ತು ಒಂದೇ ಸಲ, ಉಪ್ಪು ಹಾಕಿ, ಬೆಣ್ಣೆ ಹಾಕಿ. ಎರಡು ತುತ್ತು ತಿಂದ. "ಆಲೂಗಡ್ಡೆಗೆ ರುಚಿ ಇರುತ್ತೆ ಅಂತ ಮರೆತೇ ಹೋಗಿತ್ತು" ಎಂದ.

ಸೆಪ್ಟೆಂಬರ್ 29, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಆರಾಧನೆ ಮುಗಿಸಿ ಪಾದ್ರಿಯೇ ರೊಟ್ಟಿ, ಪಾತ್ರೆ ತಂದರು. ಒಬ್ಬರೇ ಬಂದಿದ್ದರು. ಇವನು ಗುಟುಕು ಹಾಕಿದ ಮೇಲೂ ಪಾತ್ರೆ ಬಿಡಲಿಲ್ಲ.

"ಪೂರ್ತಿ ಕುಡೀಲಾ ಅಯ್ಯನವರೇ?"

"ಕುಡೀರಿ."

ಕುಡಿದ. ಕೊನೆಯ ಹನಿಗೆ ತಲೆ ಹಿಂದಕ್ಕೆ ಚಾಚಿದ. ನನಗೆ ಉಳಿಯಲಿಲ್ಲ. ಖಾಲಿ ಪಾತ್ರೆಯನ್ನು ನಾನು ತುಟಿಗೆ ಮುಟ್ಟಿಸಿದೆ, ಪಾತ್ರೆ ಕೊಡುವಾಗ ಹೇಳುವ ಮಾತನ್ನೇ ಪಾದ್ರಿ ಅದಕ್ಕೂ ಹೇಳಿದರು.

ಮೆಟ್ಟಿಲ ಬಳಿ ಸಮಾಧಿಯ ವಿಷಯ ಕೇಳಿದೆ.

"ನನ್ನ ಮನಸ್ಸಲ್ಲಿ ಅನುಮಾನ ಇಲ್ಲಮ್ಮ. ಆದ್ರೆ ಕಮಿಟಿ..."

"ನಿಮ್ಮ ಮನಸ್ಸಿಗೆ ಕಾಲಿಲ್ವಾ, ಕಮಿಟಿ ತನಕ ನಡ್ಕೊಂಡು ಹೋಗೋಕೆ?"

ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಇದೇ ಕಷ್ಟ, ಎಲ್ಲರ ಬೇಸರಕ್ಕೂ ಹೆದರುತ್ತಾರೆ. ನನ್ನಂಥವಳನ್ನು ಕಂಡರೆ ಯಾರಿಗೂ ಆಗುವುದಿಲ್ಲ, ಆದರೆ ನನಗೆ ಹೆದರಿಕೆ ಇಲ್ಲ.

ಅಕ್ಟೋಬರ್ 1, ಮಂಗಳವಾರ

ಮುಖ ಊದಿದೆ, ಕಣ್ಣು ಸಣ್ಣಗಾಗಿವೆ. ಹಾಸಿಗೆಯನ್ನು ಕಿಟಕಿಗೆ ಎಳೆದೆ. ಎದುರಿನ ಕಟ್ಟಡದಲ್ಲಿ ಇವನು ಹಾಕಿದ ಲಿಫ್ಟಿದೆ. ಅದು ಮೇಲೆ ಹೋಗುವಾಗ ಕಾಣುವ ಬೆಳಕು ನೋಡುತ್ತಾನೆ. "ನಾಲ್ಕನೇ ಮಹಡಿಯಲ್ಲಿ ಸ್ವಲ್ಪ ತಡೆಯುತ್ತೆ, ನೋಡು" ಎಂದ. ನನಗೇನೂ ಕಾಣಲಿಲ್ಲ. ಹೌದು ಎಂದೆ.

ಬೆಳಿಗ್ಗೆ ಎಚ್ಚರ ಚೆನ್ನಾಗಿತ್ತು. ಆಗಲೇ ಹೇಳಿದೆ. ಎಂಟನೇ ತಾರೀಕಿನ ಮಾತು, ಪುಸ್ತಕ, ಗೋಡೆ, ಎಲ್ಲ. ಬೆನ್ನು ತಿರುಗಿಸಿ ಟವಲ್ ಮಡಿಸುತ್ತಾ ಹೇಳಿದೆ. ಹನ್ನೊಂದು ಟವಲ್ ಮಡಿಸಿದೆ, ಮನೆಯಲ್ಲಿರುವುದು ಆರು.

"ನಿನ್ನ ಬಾಯಿಗೆ ಬ್ರೇಕ್ ಇದ್ದದ್ದು ಯಾವತ್ತು?" ಎಂದ.

"ನಿನ್ನ ಉಳಿಸೋಕೆ ಹೇಳಿದೆ."

"ಗೊತ್ತು. ಗೋಡೆ ಹೊರಗೂ ನೆರಳಿದೆ ಅಕ್ಕ. ಪರವಾಗಿಲ್ಲ."

"ನಿನಗೆ ಪರವಾಗಿಲ್ಲ. ನೀನು ಹೋಗಿ ಮಲಗ್ತೀಯ. ಅಮ್ಮನ ಪಕ್ಕ ನಾನೊಬ್ಬಳೇ ಬಿದ್ದಿರ್ಲಾ? ಅವಳು ನನ್ನನ್ನ ಕೇಳಲ್ವಾ, ಆ ಕೂಸು ನಿನ್ನ ಕೈಗೆ ಕೊಟ್ಟಿದ್ದೆ, ಎಲ್ಲಿ ಅಂತ?"

ಅವನು ನೀರು ಕೇಳಿದ. ಗಾಜಿನ ಲೋಟದಲ್ಲಿ ಕೊಟ್ಟೆ, ಸ್ಟೀಲ್ ಲೋಟ ಎಲ್ಲಿದೆಯೋ ನೋಡಲಿಲ್ಲ.

ಪ್ರಾರ್ಥನೆ ಮಾಡಲು ಕೂತೆ. ಏನು ಕೇಳಬೇಕೆಂದು ತಿಳಿಯಲಿಲ್ಲ. ಕೂತೇ ಇದ್ದೆ. ಅದೂ ಲೆಕ್ಕಕ್ಕೆ ಬರುತ್ತದೋ ಇಲ್ಲವೋ.

ಅಕ್ಟೋಬರ್ 2, ಬುಧವಾರ

ಪಕ್ಕದ ಮನೆಯಾಕೆಯನ್ನು ಇವನ ಹತ್ತಿರ ಕೂರಿಸಿ ಗಂಟುಮೂತಿಯ ಮನೆಗೆ ಹೋದೆ. ಒಬ್ಬನೇ ಇರುತ್ತಾನೆ ಎಂದು ಗೊತ್ತಿರಲಿಲ್ಲ. ಮೇಜಿನ ಮೇಲೆ ಒಂದೇ ತಟ್ಟೆ, ಕವುಚಿ ಹಾಕಿತ್ತು.

"ಆ ಮಾತು ವಾಪಸ್ ತಗೊಳ್ತೀನಿ. ಹೊಡೆದುಹಾಕು" ಎಂದೆ.

"ಬರೆದದ್ದನ್ನ ಹೊಡೆದುಹಾಕೋಕೆ ಬರಲ್ಲಮ್ಮ. ಬೇಕಾದರೆ ನೀವೂ ಬರೆದು ಕೊಡಿ."

"ನಿನಗೆ ಹೃದಯ ಇದೆಯೋ, ಅಲ್ಲೂ ಒಂದು ಪುಸ್ತಕ ಇಟ್ಟಿದೀಯೋ?"

ಅವನು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂತು, ಮೇಜಿನ ಮೇಲಿನ ತಟ್ಟೆಯನ್ನೇ ನೋಡುತ್ತಾ ಹೇಳಿದ: "ನಮ್ಮಣ್ಣ ಗೋಡೆ ಹೊರಗಿದಾನೆ. ನಿಮಗೆ ನೆನಪಿರಬೇಕು. ಇಪ್ಪತ್ತೆರಡು ವಯಸ್ಸು. ನಮ್ಮಪ್ಪ ಆಗಿನ ಪಾದ್ರಿ ಕಾಲು ಹಿಡಿದ. ನಿಯಮ ಎಲ್ಲರಿಗೂ ಒಂದೇ ಅಂದ್ರು. ಸರಿ, ಎಲ್ಲರಿಗೂ ಒಂದೇ ಅಂದ್ಕೊಂಡು ಬದುಕಿದೀನಿ. ಈಗ ನಿಮ್ಮ ತಮ್ಮನಿಗೆ ಬೇರೆ ಅಂದ್ರೆ, ನಮ್ಮಣ್ಣನಿಗೆ ನಾನೇನು ಹೇಳ್ಲಿ?"

ನೆನಪಿದೆ. ಆ ಹುಡುಗ ನೀರಿಗೆ ಬಿದ್ದದ್ದು. ಏನೋ ಮನಸ್ಸಿನ ಕಾಯಿಲೆ ಎಂದರು. ಹೆಣ ನಮ್ಮ ಬೀದಿಯಲ್ಲೇ ಹೋಯಿತು, ಹೊತ್ತವರು ನಾಲ್ಕೇ ಜನ, ಹಿಂದೆ ಈ ಗಂಟುಮೂತಿ, ಚಡ್ಡಿ ಹಾಕಿಕೊಂಡು. ನಾವೆಲ್ಲ ಬಾಗಿಲು ಹಾಕಿಕೊಂಡೆವು. ನಾನೂ ಹಾಕಿಕೊಂಡೆ. ಚಿಲಕ ನಾನೇ ಹಾಕಿದ್ದು.

"ನೀರು ಇದೆಯಾ" ಎಂದು ಕೇಳಿದೆ. ತಂದು ಕೊಟ್ಟ. ಅವನ ಮನೆಯಲ್ಲಿ ನೀರು ಕುಡಿದದ್ದು ಇದೇ ಮೊದಲು. ಕುಡಿದು ಬಂದೆ.

ಅಕ್ಟೋಬರ್ 3, ಗುರುವಾರ

ಇವತ್ತು ಎರಡು ಸಲ ಮಾತ್ರ ಕಣ್ಣು ಬಿಟ್ಟ. ಒಂದು ಸಲ ನನ್ನನ್ನು ಅಮ್ಮ ಎಂದ. ತಿದ್ದಲಿಲ್ಲ. ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಹಿಂಡುತ್ತಿದ್ದೇನೆ, ಚೀಪುತ್ತಾನೆ. ಆಸ್ಪತ್ರೆಯ ನರ್ಸು ರಜೆಯ ದಿನವೂ ಬಂದು ಔಷಧಿ ಕೊಟ್ಟು ಹೋದಳು. ಶನಿವಾರ, ಹೆಚ್ಚೆಂದರೆ ಭಾನುವಾರದ ತನಕ ಎಂದಳು.

ಬರೆದು ಕೊಡಿ ಎಂದನಲ್ಲ, ಬರೆಯುತ್ತೇನೆ. ಮೊದಲು ಇಲ್ಲಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತೇನೆ. ಪಕ್ಕದ ಮನೆಯಾಕೆ ತೆಗೆದುಕೊಂಡು ಹೋಗುತ್ತಾಳೆ.

ಪಾದ್ರಿಗಳಿಗೆ, ಕಾರ್ಯದರ್ಶಿಗೆ, ಕಮಿಟಿಯ ಉಳಿದ ಐದು ಜನಕ್ಕೆ.

ಸೆಪ್ಟೆಂಬರ್ ಎಂಟನೇ ತಾರೀಕು ನಾನು ನನ್ನ ತಮ್ಮನ ಬಗ್ಗೆ ಒಂದು ಮಾತು ಹೇಳಿದೆ. ಸಿಟ್ಟಿನಲ್ಲಿ ಹೇಳಿದೆ, ತಿಳಿಯದೆ ಹೇಳಿದೆ. ಅದು ತಪ್ಪು. ಅವನನ್ನು ಕೊಲ್ಲುತ್ತಿರುವುದು ಕಿಡ್ನಿ. ನಾಲ್ಕು ವರ್ಷ ತಡೆದ. ಇನ್ನು ತಡೆಯಲು ಮೈಯಲ್ಲಿ ಜಾಗವಿಲ್ಲ. ಬೇಕಾದರೆ ಬಂದು ಅವನ ಕೈ ನೋಡಿ, ಸೂಜಿ ಚುಚ್ಚದ ಜಾಗ ತೋರಿಸಿ. ಅವನಿಗೆ ಸುಸ್ತಾಗಿದೆ. ಸುಸ್ತಾಗುವುದು ಪಾಪವಲ್ಲ ಎಂದು ಪಾದ್ರಿಗಳು ನಮ್ಮ ಮನೆಯಲ್ಲಿ ಕೂತು ಹೇಳಿದ್ದಾರೆ. ಅದನ್ನೂ ಪುಸ್ತಕದಲ್ಲಿ ಬರೆಯಿರಿ.

ಅವನನ್ನು ಅಮ್ಮನ ಪಕ್ಕ ಇಡಬೇಕು. ಗಂಟೆ ಹೊಡೆಯಬೇಕು. ಪಾದ್ರಿಗಳು ನಿಲುವಂಗಿ ಹಾಕಿಕೊಂಡು ಬರಬೇಕು.

ಇನ್ನೊಂದು. ಕಾರ್ಯದರ್ಶಿಯವರ ಅಣ್ಣ ಗೋಡೆಯ ಹೊರಗಿದ್ದಾನೆ. ಅವನಿಗೆ ಅವತ್ತು ಯಾರೂ ಪ್ರಾರ್ಥನೆ ಹೇಳಲಿಲ್ಲ. ನಾನು ಬಾಗಿಲಿಗೆ ಚಿಲಕ ಹಾಕಿಕೊಂಡವಳು, ಆದ್ದರಿಂದ ನನಗೆ ಗೊತ್ತು. ಅದೂ ಕಾಯಿಲೆಯೇ, ಮೆಶೀನಿಲ್ಲದ ಕಾಯಿಲೆ. ನನ್ನ ತಮ್ಮನಿಗೆ ಪ್ರಾರ್ಥನೆ ಹೇಳಿದ ದಿನವೇ ಎಲ್ಲರೂ ಗೇಟು ದಾಟಿ ಅಲ್ಲಿಗೂ ನಡೆದು ಹೋಗಿ ಅವನಿಗೂ ಹೇಳಬೇಕು. ಆಗ ನಿಯಮ ಎಲ್ಲರಿಗೂ ಒಂದೇ ಆಗುತ್ತದೆ. ನನಗೆ ಮಂಡಿ ನೋವು, ಆದರೂ ನಡೆಯುತ್ತೇನೆ.

ಯೋಚಿಸುತ್ತೇವೆ, ಮೇಲಿನವರನ್ನು ಕೇಳುತ್ತೇವೆ ಎನ್ನುವುದೆಲ್ಲ ಬೇಡ. ಅವನ ಹತ್ತಿರ ಅಷ್ಟು ದಿನ ಇಲ್ಲ. ಎರಡಕ್ಕೂ ಹೌದೋ ಇಲ್ಲವೋ, ಪಾದ್ರಿ ಮತ್ತು ಕಾರ್ಯದರ್ಶಿ ಇಬ್ಬರೂ ಸಹಿ ಹಾಕಿ, ಮೂರನೇ ಮಹಡಿಗೆ ಹತ್ತಿ ಬಂದು ನನ್ನ ಕೈಗೇ ಕೊಡಬೇಕು. ಅಕ್ಟೋಬರ್ 5, ಶನಿವಾರ, ಸಂಜೆ ಐದು ಗಂಟೆಯೊಳಗೆ ನನಗೆ ಉತ್ತರ ಬೇಕು.